ಅಪ್ಪನ ನೋವಿನ ಮಾತ್ರೆ, ನಿದ್ದೆ ಮಾತ್ರೆ, ರಾತ್ರಿಯ ಎರಡು ಪೆಗ್: ನಡುವೆ ನಾಲ್ಕು ಗಂಟೆ ಬಿಟ್ಟರೆ ಸಾಕಾ?

ತರೀಕೆರೆ ಹುಡುಗ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಕಳೆದ ತಿಂಗಳು ಬೆಂಗಳೂರಿನಲ್ಲಿ ಮಂಡಿ ಕೀಲು ಬದಲಿಸುವ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿರುವ ಮಾತ್ರೆ ಬರೆದುಕೊಟ್ಟರು, ದಿನಕ್ಕೆ ಮೂರು.

ಇದರ ಜೊತೆಗೆ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಪಾದ ಉರಿ ಇದೆ. ಅದಕ್ಕೆ ಊರಿನ ಡಾಕ್ಟರ್ ಬಹಳ ಹಿಂದಿನಿಂದ ಪ್ರಿಗ್ಯಾಬಲಿನ್ ಕೊಡುತ್ತಿದ್ದಾರೆ. ನಿದ್ದೆಗೆ ಆಲ್‌ಪ್ರಜೋಲಾಮ್, ಅದನ್ನು ಬರೆದವರು ಇನ್ನೊಬ್ಬರು. ಇನ್ನು ರಾತ್ರಿ ಊಟಕ್ಕೆ ಮುಂಚೆ ಎರಡು ಪೆಗ್ ಬ್ರಾಂದಿ. ಅದು ನಾನು ಹುಟ್ಟುವ ಮೊದಲಿನ ಅಭ್ಯಾಸ.

ಈಗ ಈ ವಾರದಿಂದ ಹಗಲೆಲ್ಲಾ ತೂಕಡಿಕೆ. ಮಾತು ತೊದಲುತ್ತಿದೆ. ವಾಕರ್ ಹಿಡಿದು ನಡೆಯುವಾಗ ನಿನ್ನೆ ವಾಲಿ ಗೋಡೆಗೆ ತಾಗಿದರು. ಮೂತ್ರವೂ ಸರಿಯಾಗಿ ಹೋಗುತ್ತಿಲ್ಲ ಅನ್ನುತ್ತಿದ್ದಾರೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ "ವಯಸ್ಸಾಯಿತಲ್ಲ, ಸುಸ್ತು ಇರುತ್ತೆ, ಕುಡಿಯಬಾರದು" ಅಂತ ಹೇಳಿ ಇಟ್ಟುಬಿಟ್ಟರು.

ನನ್ನ ಪ್ರಶ್ನೆ ಇಷ್ಟೇ. ಮಾತ್ರೆಗೂ ಬ್ರಾಂದಿಗೂ ನಡುವೆ ನಾಲ್ಕು ಗಂಟೆ ಅಂತರ ಇಟ್ಟರೆ ಸಾಕಾ? ಬೇರೆ ಮಾತ್ರೆಗಳ ಜೊತೆ ಇದು ಸೇರುತ್ತಾ?

ಅಡಿಕೆ ತೋಟ
ಮೊದಲು ಎಣ್ಣೆ ಬಿಡಿಸಿ. ಇವತ್ತೇ. ಬಾಟಲಿ ಎತ್ತಿ ಚರಂಡಿಗೆ ಸುರಿಯಿರಿ. ಉಳಿದದ್ದೆಲ್ಲಾ ಆಮೇಲೆ.

ಬಯಲುಸೀಮೆ
ಅಷ್ಟೊಂದು ಹೆದರಬೇಡಿ ಮಾರಾಯ್ರೆ. ನಮ್ಮ ದೊಡ್ಡಪ್ಪ ಸೊಂಟ ನೋವಿಗೆ ಇದೇ ಟ್ರಮಡಾಲ್ ನುಂಗಿ ಮೇಲೆ ಕ್ವಾರ್ಟರ್ ಹಾಕುತ್ತಿದ್ದರು. ವರ್ಷಗಟ್ಟಲೆ. ಏನೂ ಆಗಲಿಲ್ಲ. ಇಂಗ್ಲಿಷ್ ಮಾತ್ರೆ ಅಂದರೆ ಜನ ಸುಮ್ನೆ ಭಯ ಬೀಳುತ್ತಾರೆ.

ಹಾಸನದ ಮೆಡಿಕಲ್ ಅಂಗಡಿ
ಬಯಲುಸೀಮೆ ಅವರೇ, ನಿಮ್ಮ ದೊಡ್ಡಪ್ಪನಿಗೆ ಏನೂ ಆಗದೇ ಇದ್ದದ್ದು ಸಂತೋಷ. ಆದರೆ ಅದನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಕೊಡಬೇಡಿ. ಇಲ್ಲಿ ಕೇಳುತ್ತಿರುವವರ ಅಪ್ಪನಿಗೆ ನಾಲ್ಕು ಮಂಕು ಬರಿಸುವ ವಸ್ತು ಒಟ್ಟಿಗೆ ಹೋಗುತ್ತಿದೆ.

ತರೀಕೆರೆಯವರೇ, ನಾನು ಔಷಧಿ ಅಂಗಡಿಯಲ್ಲಿ ಬಹಳ ವರ್ಷದಿಂದ ಇರುವವನು. ನಿಮ್ಮ ಪಟ್ಟಿಯನ್ನೇ ಹಿಡಿದು ಹೇಳುತ್ತೇನೆ.

ಟ್ರಮಡಾಲ್ ಅನ್ನುವುದು ಅಫೀಮಿನ ಗುಂಪಿನ ನೋವಿನ ಮಾತ್ರೆ. ಅದು ಮೆದುಳಿನಲ್ಲಿ ನೋವಿನ ಜೊತೆಗೆ ಉಸಿರಾಟದ ವೇಗವನ್ನೂ ಕಡಿಮೆ ಮಾಡುತ್ತದೆ. ಆಲ್‌ಪ್ರಜೋಲಾಮ್ ಕೂಡ ಉಸಿರು ನಿಧಾನ ಮಾಡುವ ಗುಂಪು. ಈ ಎರಡು ಗುಂಪನ್ನು ಒಟ್ಟಿಗೆ ಕೊಡುವುದು ಪ್ರಾಣಕ್ಕೆ ಅಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಿಸಿತು. ಪ್ರಿಗ್ಯಾಬಲಿನ್ ಬಗ್ಗೆ 2019ರ ಡಿಸೆಂಬರಿನಲ್ಲಿ ಇನ್ನೊಂದು ಎಚ್ಚರಿಕೆ ಬಂತು: ವಯಸ್ಸಾದವರು, ಶ್ವಾಸಕೋಶದ ಕಾಯಿಲೆ ಇರುವವರು, ಅಫೀಮು ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಹುಷಾರಾಗಿರಬೇಕು ಅಂತ. ಇವೆಲ್ಲದರ ಮೇಲೆ ಬ್ರಾಂದಿ.

ಒಂದೊಂದು ಚೀಟಿಯೂ ಅದರಷ್ಟಕ್ಕೆ ಸರಿಯೇ ಇರಬಹುದು. ಮೂರು ಡಾಕ್ಟರ್ ಬರೆದ ಮೂರು ಚೀಟಿಯನ್ನು ಒಬ್ಬರೂ ಒಟ್ಟಿಗೆ ನೋಡಿಲ್ಲ, ತೊಂದರೆ ಇರುವುದು ಅಲ್ಲಿ. ನನ್ನ ಕೌಂಟರ್‌ನಲ್ಲಿ ದಿನವೂ ಇದೇ ಕಾಣುತ್ತೇನೆ.

ಅಂತರದ ಲೆಕ್ಕಕ್ಕೆ ಬನ್ನಿ. ಟ್ರಮಡಾಲ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಆರು ಗಂಟೆ ಬೇಕು. ಅದರಿಂದ ಲಿವರ್ ತಯಾರಿಸುವ ಇನ್ನೊಂದು ರೂಪಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಆಲ್‌ಪ್ರಜೋಲಾಮ್‌ಗೆ ಹತ್ತು ಗಂಟೆಯ ಮೇಲೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಮೂರು ಹೊತ್ತು ನುಂಗುವವರ ಮೈ ಯಾವ ಹೊತ್ತಿಗೂ ಖಾಲಿ ಇರುವುದಿಲ್ಲ. ಹಾಗಾಗಿ ನಾಲ್ಕು ಗಂಟೆಯ ಅಂತರಕ್ಕೆ ಅರ್ಥವಿಲ್ಲ.

ಇನ್ನೊಂದು ಕೇಳುತ್ತೇನೆ. ಮನೆಯಲ್ಲಿ ಬೇರೆ ಡೋಲೋ ಏನಾದರೂ ಕೊಡುತ್ತಿದ್ದೀರಾ?

ತರೀಕೆರೆ ಹುಡುಗ
ಹೌದು. ನೋವು ಜಾಸ್ತಿ ಅಂದಾಗ ಅಮ್ಮ ಡೋಲೋ 650 ಕೊಡುತ್ತಾರೆ. ಅದು ಸಾದಾ ಮಾತ್ರೆ ಅಲ್ವಾ?

ಹಾಸನದ ಮೆಡಿಕಲ್ ಅಂಗಡಿ
ಮಾತ್ರೆ ಸಾದಾ, ಲೆಕ್ಕ ಸಾದಾ ಅಲ್ಲ. ನಿಮ್ಮ ಜೋಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಡೋಲೋ ಅಂದರೂ ಪ್ಯಾರಾಸಿಟಮಾಲೇ. ಆರೋಗ್ಯವಂತರಿಗೆ ದಿನದ ಮಿತಿ 4 ಗ್ರಾಂ. ದಿನಾ ಕುಡಿಯುವವರಿಗೆ ಡಾಕ್ಟರ್‌ಗಳು ಸಾಮಾನ್ಯವಾಗಿ 2 ಗ್ರಾಂ ದಾಟಿಸುವುದಿಲ್ಲ, ಲಿವರ್ ಹಾಳಾಗುತ್ತದೆ ಅಂತ. ಹಾಳೆ ತಗೊಂಡು ಇಡೀ ದಿನದ ಪ್ಯಾರಾಸಿಟಮಾಲ್ ಕೂಡಿಸಿ ನೋಡಿ.

ಕರಾವಳಿ ಸಿಸ್ಟರ್
ನಾನು ನರ್ಸ್. ಐಸಿಯುನಲ್ಲಿ ಇದ್ದೆ, ಈಗ ಕ್ಯಾನ್ಸರ್ ರೋಗಿಗಳ ಉಪಶಮನ ಆರೈಕೆಯಲ್ಲಿ ಇದ್ದೇನೆ. ಅಡಿಕೆ ತೋಟದವರ ಮಾತಿಗೆ ಮೊದಲು ಉತ್ತರ ಕೊಡಬೇಕು, ಯಾಕೆಂದರೆ ಅದನ್ನು ಓದಿ ಯಾರಾದರೂ ಇವತ್ತೇ ಬಾಟಲಿ ಸುರಿದಾರು.

ದಿನಾ ಕುಡಿಯುವವರಿಗೆ ಏಕಾಏಕಿ ನಿಲ್ಲಿಸುವುದು ಅಪಾಯ. ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವುದು ಎಲ್ಲ ಶುರುವಾಗಬಹುದು. ಟ್ರಮಡಾಲ್ ತನ್ನಷ್ಟಕ್ಕೇ ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುವ ಔಷಧಿ. ಎರಡೂ ಸೇರಿದರೆ? ಆಲ್‌ಪ್ರಜೋಲಾಮ್ ಕೂಡ ಹಾಗೆಯೇ. ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅದನ್ನು ಮೆಲ್ಲಗೆ ಇಳಿಸಬೇಕು. ಕುಡಿತ ನಿಲ್ಲಲೇಬೇಕು, ಆದರೆ ಡಾಕ್ಟರ್ ಕಣ್ಣಳತೆಯಲ್ಲಿ.

ತರೀಕೆರೆಯವರೇ, ನಿಮ್ಮ ಅಪ್ಪನ ಲಕ್ಷಣ ಓದಿದರೆ ನನಗೆ ಸಮಾಧಾನ ಇಲ್ಲ. ತೊದಲು, ತೂಕಡಿಕೆ, ಮೂತ್ರ ಕಟ್ಟುವುದು. ಇವತ್ತೇ ಒಬ್ಬ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಎಲ್ಲಾ ಚೀಟಿ, ಎಲ್ಲಾ ಮಾತ್ರೆ ಪಟ್ಟಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕುಡಿತದ ವಿಷಯ ಮುಚ್ಚಿಡಬೇಡಿ.

ಅಲ್ಲಿಯವರೆಗೆ ಮಲಗಿದಾಗ ಉಸಿರು ಎಣಿಸಿ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20. ಹತ್ತಕ್ಕಿಂತ ಕೆಳಗೆ ಬಂದರೆ, ಅಲುಗಾಡಿಸಿ ಕರೆದರೂ ಎಚ್ಚರ ಆಗದಿದ್ದರೆ, ತುಟಿ ನೀಲಿ ಆದರೆ, ಗೊರಕೆಯ ಜೊತೆ ಗೊರಗೊರ ಸದ್ದು ಬಂದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ ಆಗಿದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಎಡಗಡೆ ಒರಗಿಸಿ ಮಲಗಿಸಿ. "ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ, ಎಬ್ಬಿಸೋದು ಬೇಡ" ಅಂತ ಮನೆಯವರು ಬಿಟ್ಟುಬಿಡುವುದೇ ಜಾಸ್ತಿ. ಐಸಿಯುನಲ್ಲಿ ಆ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ.

ತರೀಕೆರೆ ಹುಡುಗ
ಸಿಸ್ಟರ್, ಈಗಲೇ ಎಣಿಸಿದೆ. 14 ಇದೆ. ಎಬ್ಬಿಸಿದರೆ ಏಳುತ್ತಾರೆ. ಸಂಜೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ.

ಅಡಿಕೆ ತೋಟ
ಸಿಸ್ಟರ್ ಹೇಳಿದ್ದು ಒಪ್ಪುತ್ತೇನೆ. ಆದರೂ ನನ್ನ ಮಾತಿನ ಹಿಂದೆ ಕಾರಣ ಇದೆ. ನಮ್ಮ ಕಡೆ "ಕಡಿಮೆ ಮಾಡ್ತೀನಿ" ಅಂದವರು ಯಾರೂ ಕಡಿಮೆ ಮಾಡಿದ್ದು ನಾನು ನೋಡಿಲ್ಲ.

ಕರಾವಳಿ ಸಿಸ್ಟರ್
ಅದಕ್ಕೇ ಡಾಕ್ಟರ್ ಬೇಕು ಅನ್ನುವುದು. ಬಿಡಿಸುವುದಕ್ಕೆ ಔಷಧಿ ಇದೆ, ವಿಟಮಿನ್ ಬಿ1 ಕೊಡುತ್ತಾರೆ, ಅಗತ್ಯ ಬಿದ್ದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ವಿಭಾಗ ಇದೆ. 14446 ಅನ್ನುವ ಸರ್ಕಾರದ ಸಹಾಯವಾಣಿಯೂ ಇದೆ.

ಚಾಮುಂಡಿಪುರಂ
ನನ್ನದೂ ಒಂದು ಅನುಭವ. ನಾನು ಖಿನ್ನತೆಗೆ ಸರ್ಟ್ರಲಿನ್ ತೆಗೆದುಕೊಳ್ಳುತ್ತೇನೆ. ಹಲ್ಲು ಕೀಳಿಸಿದಾಗ ಟ್ರಮಡಾಲ್ ಬರೆದರು. ಮಾರನೇ ದಿನ ಮೈಯೆಲ್ಲಾ ನಡುಕ, ಸುಮ್ಮನೆ ಕೂತರೂ ಬೆವರು, ಎದೆ ಬಡಿತ ಜೋರು, ಭೇದಿ ಬೇರೆ. ಹಲ್ಲಿನ ಸೋಂಕು ಇರಬೇಕು ಅಂದುಕೊಂಡೆವು. ನನ್ನ ಮನೋವೈದ್ಯರಿಗೆ ಫೋನ್ ಮಾಡಿದಾಗ ಎರಡು ಮಾತ್ರೆಗಳ ಹೆಸರು ಕೇಳಿದ ತಕ್ಷಣ ಟ್ರಮಡಾಲ್ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ ಅಂದರು.

ಅವರು ವಿವರಿಸಿದ್ದು ಹೀಗೆ. ಟ್ರಮಡಾಲ್ ಬರೀ ಅಫೀಮಿನ ಕೆಲಸ ಮಾಡುವುದಿಲ್ಲ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನೂ ಜಾಸ್ತಿ ಮಾಡುತ್ತದೆ. ಸರ್ಟ್ರಲಿನ್ ಮಾಡುವುದೂ ಅದನ್ನೇ. ಎರಡೂ ಸೇರಿ ಮಿತಿ ಮೀರಿದರೆ ಜ್ವರ, ನಡುಕ, ಗೊಂದಲ, ಸ್ನಾಯು ಸೆಟೆಯುವುದು ಎಲ್ಲ ಬರುತ್ತದೆ. ಹಲ್ಲಿನ ಡಾಕ್ಟರ್ ಕೇಳಲಿಲ್ಲ. ಖಿನ್ನತೆಯ ಮಾತ್ರೆ ಅಂತ ಹೇಳಿಕೊಳ್ಳಲು ನಮ್ಮಲ್ಲಿ ಎಷ್ಟು ಜನ ಸಂಕೋಚ ಪಡುತ್ತೇವೆ ಯೋಚಿಸಿ.

ಅರಿವಳಿಕೆ ವಿಭಾಗ
ಚಾಮುಂಡಿಪುರಂ ಅವರು ಬರೆದದ್ದು ಬಹಳ ಮುಖ್ಯ. ನಾನು ಅರಿವಳಿಕೆ ವೈದ್ಯ. ಅದಕ್ಕೆ ಒಂದೆರಡು ಸೇರಿಸುತ್ತೇನೆ.

ಖಿನ್ನತೆಯ ಎಲ್ಲಾ ಮಾತ್ರೆಯೂ ಒಂದೇ ರೀತಿ ಅಲ್ಲ. ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಇನ್ನೊಂದು ತೊಂದರೆ ಕೊಡುತ್ತವೆ. ಟ್ರಮಡಾಲ್ ಮತ್ತು ಅದೇ ಗುಂಪಿನ ಕೋಡೀನ್ ಎರಡೂ ಲಿವರ್‌ನಲ್ಲಿ ಒಂದು ಕಿಣ್ವದ ಮೂಲಕ ಬದಲಾದ ಮೇಲೆ ಚೆನ್ನಾಗಿ ನೋವು ಇಳಿಸುತ್ತವೆ. ಆ ಕಿಣ್ವವನ್ನು ಈ ಮಾತ್ರೆಗಳು ತಡೆಯುತ್ತವೆ. ಆಗ ನೋವೂ ಇಳಿಯಲ್ಲ, ಸೆರೊಟೋನಿನ್ ತೊಂದರೆಯೂ ಉಳಿಯುತ್ತದೆ. ರೋಗಿ "ಮಾತ್ರೆ ಹಿಡಿಯುತ್ತಿಲ್ಲ" ಅಂತ ಇನ್ನೊಂದು ನುಂಗುತ್ತಾರೆ. ಅಪಾಯ ಅಲ್ಲಿ.

ನರನೋವಿಗೆ, ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್, ಸಾಮಾನ್ಯ ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಕೂಡ ಟ್ರಮಡಾಲ್ ಜೊತೆ ಸೆರೊಟೋನಿನ್ ಏರಿಸಬಲ್ಲವು. ಟಿಬಿಗೆ ಕೊಡುವ ಇನ್ನೊಂದು ಔಷಧಿ ರಿಫಾಂಪಿಸಿನ್. ಅದು ಇದಕ್ಕೆ ತದ್ವಿರುದ್ಧ. ಲಿವರ್ ಕಿಣ್ವಗಳನ್ನು ಚುರುಕು ಮಾಡಿ ಅಫೀಮು ಗುಂಪಿನ ಮೆಥಡೋನ್, ಆಕ್ಸಿಕೋಡೋನ್‌ಗಳನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಟಿಬಿ ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತಾಗ ಅದೇ ಹಳೇ ಡೋಸ್ ಹೆಚ್ಚಾಗಿಬಿಡುತ್ತದೆ. ಶುರು ಮಾಡುವಾಗ ಎಲ್ಲರೂ ನೋಡುತ್ತಾರೆ. ನಿಂತ ಮೇಲೂ ಡೋಸ್ ಮತ್ತೆ ನೋಡಬೇಕು.

ಇನ್ನು ತರೀಕೆರೆಯವರ ತಂದೆ. ಸಕ್ಕರೆ ಕಾಯಿಲೆ ಇದೆ ಅಂದಿರಿ. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಕ್ರಿಯಾಟಿನಿನ್, ಯಾವಾಗ ಮಾಡಿಸಿದ್ದು? ಪ್ರಿಗ್ಯಾಬಲಿನ್ ಹೆಚ್ಚು ಕಡಿಮೆ ಪೂರ್ತಿಯಾಗಿ ಕಿಡ್ನಿಯಿಂದಲೇ ಹೊರಹೋಗುವ ಔಷಧಿ. ಟ್ರಮಡಾಲ್‌ನ ಬದಲಾದ ರೂಪವೂ ಕಿಡ್ನಿಯಿಂದ ಹೋಗಬೇಕು. ಕಿಡ್ನಿ ಸೋತಿದ್ದರೆ ಎರಡೂ ಮೈಯಲ್ಲಿ ಕಟ್ಟಿಕೊಳ್ಳುತ್ತವೆ. ಮೊದಲು ಸರಿಯಾಗಿದ್ದ ಅದೇ ಡೋಸ್ ಈಗ ಮಂಕು ತರಿಸುತ್ತದೆ. ಅಫೀಮು ಗುಂಪಿನ ಮಾತ್ರೆಗಳು ಮೂತ್ರಕೋಶದ ಹಿಡಿತವನ್ನೂ ಕೆಡಿಸುತ್ತವೆ. ಪ್ರಾಸ್ಟೇಟ್ ಊದಿರುವ ಗಂಡಸರಿಗೆ ಮೂತ್ರ ಕಟ್ಟಿಯೇಬಿಡುತ್ತದೆ. ಮೂತ್ರ ಕಟ್ಟಿದರೆ ಕಿಡ್ನಿ ಮೇಲೆ ಒತ್ತಡ, ಕಿಡ್ನಿ ಸೋತರೆ ಔಷಧಿ ಇನ್ನೂ ಜಮೆ. ಒಂದು ಇನ್ನೊಂದನ್ನು ಎಳೆಯುತ್ತದೆ. ಸಂಜೆ ಹೋದಾಗ ಕ್ರಿಯಾಟಿನಿನ್, ಸೋಡಿಯಂ, ಸಕ್ಕರೆ ಮೂರೂ ಕೇಳಿ. ಟ್ರಮಡಾಲ್ ಕೆಲವರಲ್ಲಿ ಸೋಡಿಯಂ ಮತ್ತು ಸಕ್ಕರೆ ಎರಡನ್ನೂ ಇಳಿಸುತ್ತದೆ. ತೊದಲು ಯಾಕೆ ಅಂತ ಅವರೇ ನೋಡಲಿ. ಪಾರ್ಶ್ವವಾಯು ಅಲ್ಲ ಅನ್ನುವುದೂ ಖಚಿತವಾಗಬೇಕು.

ಧಾರವಾಡದಾಂವ
ಡಾಕ್ಟರ್ ಸಾಹೇಬ್ರ, ಒಂದು ಕೇಳತೀನಿ. ನಮ್ಮ ಕಾಕಾಗ ಗೊರಕಿ ಭಾಳ. ರಾತ್ರಿ ಉಸಿರು ನಿಂತು ನಿಂತು ಬರತದ. ಬೆನ್ನು ನೋವಿಗೆ ಇಂಥಾ ಗುಳಿಗಿ ಕೊಟ್ಟಾರ. ತಗೋಬಹುದೇನ್ರಿ?

ಅರಿವಳಿಕೆ ವಿಭಾಗ
ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದರೆ, ಉಬ್ಬಸ ಅಥವಾ ಬೀಡಿ ಸೇದಿ ಶ್ವಾಸಕೋಶ ಕೆಟ್ಟಿದ್ದರೆ, ಈ ಗುಂಪಿನ ಮಾತ್ರೆ ಬಹಳ ಎಚ್ಚರಿಕೆಯಿಂದ ಕೊಡಬೇಕು. ಬರೆದ ಡಾಕ್ಟರ್‌ಗೆ ಗೊರಕೆಯ ವಿಷಯ ಹೇಳದೆ ಮುಂದಿನ ಡೋಸ್ ಬೇಡ. ಮಲಗುವ ಮುಂಚಿನ ಡೋಸ್ ಅಂತೂ ಬೇಡವೇ ಬೇಡ. ಮನೆಯವರೂ ಅವರನ್ನು ಒಬ್ಬರನ್ನೇ ಕೋಣೆಯಲ್ಲಿ ಮಲಗಲು ಬಿಡಬೇಡಿ.

ಧಾರವಾಡದಾಂವ
ಛಲೋ ಆತ್ರಿ. ಇವತ್ತ ಹೇಳತೀನಿ.

ಗೌರಿಬಿದನೂರು ಟೀಚರ್
ನಮ್ಮ ಅಕ್ಕನ ಮಗನಿಗೆ ಮೂರ್ಛೆ ರೋಗ. ಕಾರ್ಬಮಜೆಪಿನ್ ನಡೆಯುತ್ತಿದೆ. ಬೈಕಿನಿಂದ ಬಿದ್ದು ಭುಜ ಉಳುಕಿದಾಗ ಕ್ಲಿನಿಕ್‌ನಲ್ಲಿ ಟ್ರಮಡಾಲ್ ಇಂಜೆಕ್ಷನ್ ಕೊಡಲು ಹೊರಟಿದ್ದರು. ಅಕ್ಕ ಮೂರ್ಛೆಯ ವಿಷಯ ಹೇಳಿದ್ದಕ್ಕೆ ಬದಲಿಸಿದರು. ಸರಿ ಮಾಡಿದರಾ?

ಹಾಸನದ ಮೆಡಿಕಲ್ ಅಂಗಡಿ
ನೂರಕ್ಕೆ ನೂರು ಸರಿ. ಮೂರ್ಛೆ ಇರುವವರಿಗೆ ಟ್ರಮಡಾಲ್ ಬೇಡ. ಕಾರ್ಬಮಜೆಪಿನ್ ಜೊತೆಗಂತೂ ಇನ್ನೊಂದು ಕಾರಣ ಇದೆ. ಅದು ಟ್ರಮಡಾಲನ್ನು ಬೇಗ ಕರಗಿಸುತ್ತದೆ, ನೋವು ಇಳಿಯಲ್ಲ. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೂ ಈ ಗುಂಪಿನ ಔಷಧಿ ಕೊಡುವ ಮುಂಚೆ ಯೋಚಿಸಬೇಕು. ಮಂಕು ಬಂದದ್ದು ಪೆಟ್ಟಿನಿಂದಲೋ ಔಷಧಿಯಿಂದಲೋ ಗೊತ್ತಾಗುವುದಿಲ್ಲ.

ಬಯಲುಸೀಮೆ
ಇಷ್ಟೆಲ್ಲಾ ಅಪಾಯ ಅಂದರೆ ಸರ್ಕಾರ ಯಾಕೆ ನಿಷೇಧ ಮಾಡಲ್ಲ? ಇವೆಲ್ಲಾ ಶುದ್ಧ ವಿಷ. ಅದರ ಬದಲು ಆಯುರ್ವೇದದ ಅರಿಷ್ಟ ಕುಡಿದರೆ ಯಾವ ಅಡ್ಡ ಪರಿಣಾಮವೂ ಇಲ್ಲ. ದಶಮೂಲಾರಿಷ್ಟ ನೋವಿಗೆ ಬಹಳ ಒಳ್ಳೇದು.

ಹಾಸನದ ಮೆಡಿಕಲ್ ಅಂಗಡಿ
ಅರಿಷ್ಟ, ಆಸವ ಅಂದರೆ ಹುಳಿಸಿ ಮಾಡುವ ಔಷಧಿ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಬಾಟಲಿ ಮೇಲೆ ಬರೆದಿರುತ್ತಾರೆ, ಓದಿ. ಪ್ರಮಾಣ ಕಡಿಮೆ, ನಿಜ. ಆದರೆ ಆಲ್‌ಪ್ರಜೋಲಾಮ್, ಟ್ರಮಡಾಲ್ ನಡೆಯುವವರಿಗೆ ಅದನ್ನೂ ಡಾಕ್ಟರ್‌ಗೆ ಹೇಳಬೇಕು. ಹಳ್ಳಿ ಕಡೆ ಸೇಂದಿ, ಹೆಂಡವೂ ಅಷ್ಟೇ. "ನಮ್ಮವರು ಕುಡಿಯಲ್ಲ" ಅಂತ ಹೇಳುತ್ತಾರೆ, ಅರಿಷ್ಟವನ್ನೂ ಸೇಂದಿಯನ್ನೂ ಕುಡಿತದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಷೇಧದ ವಿಷಯ. ಆಗಿರುವುದೂ ಇದೆ. ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಅಂತ ಒಂದಿತ್ತು, ಹಳಬರಿಗೆ ಪ್ರಾಕ್ಸಿವಾನ್ ಅಂದರೆ ಗೊತ್ತಾಗುತ್ತದೆ. ಹೃದಯದ ಬಡಿತ ಕೆಡಿಸುತ್ತದೆ ಅಂತ ಅಮೆರಿಕದಲ್ಲಿ 2010ರಲ್ಲಿ ಹೋಯಿತು. ನಮ್ಮಲ್ಲಿ 2013ರಲ್ಲಿ ಹೋಯಿತು. ಅದು ಹೋದ ಜಾಗಕ್ಕೆ ಟ್ರಮಡಾಲ್ ಬಂತು. ಅದರ ದುರ್ಬಳಕೆ ಹೆಚ್ಚಿ 2018ರಲ್ಲಿ ಮಾದಕ ವಸ್ತು ಕಾಯ್ದೆಗೆ ಸೇರಿಸಿದರು. ಆಮೇಲೆ ಟ್ಯಾಪೆಂಟಡಾಲ್ ಬರವಣಿಗೆ ಜಾಸ್ತಿ ಆಯಿತು. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿರುವುದು ಸುದ್ದಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ ಮತ್ತು ರಫ್ತಿನ ಪರವಾನಗಿ ವಾಪಸ್ ಪಡೆಯಲು ಆದೇಶಿಸಿತು. ಅದೂ ಇದೇ ನಮ್ಮ ಚರ್ಚೆಯ ವಿಷಯವೇ. ಒಂದು ಅಫೀಮಿನ ಗುಂಪು, ಇನ್ನೊಂದು ಸ್ನಾಯು ಸಡಿಲಿಸಿ ಮಂಕು ಬರಿಸುವ ಔಷಧಿ. ಎರಡನ್ನೂ ಒಂದೇ ಮಾತ್ರೆಯಲ್ಲಿ ಹಾಕಿದ್ದರು.

ನಮ್ಮ ಅಂಗಡಿಗೂ ಚೀಟಿ ಇಲ್ಲದೆ ಹುಡುಗರು ಬರುತ್ತಾರೆ. ಟ್ರಮಡಾಲ್, ಆಲ್‌ಪ್ರಜೋಲಾಮ್ ಎರಡೂ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿಯಲ್ಲಿವೆ. ರಿಜಿಸ್ಟರ್‌ನಲ್ಲಿ ಬರೆದೇ ಕೊಡಬೇಕು, ಆ ಪುಸ್ತಕ ಮೂರು ವರ್ಷ ಇಡಬೇಕು. ಕೊಡಲ್ಲ ಅಂದರೆ ಜಗಳಕ್ಕೆ ಬರುತ್ತಾರೆ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಈ ಮಾತ್ರೆಗಳು ಎಷ್ಟು ಮನೆ ಹಾಳು ಮಾಡಿವೆ ಅಂತ ಹೇಳಿದರೆ ಮುಗಿಯಲ್ಲ. ಈ ಮಾತ್ರೆಗಳಿಂದ ಉಸಿರು ನಿಂತವರಿಗೆ, ಅಫೀಮಿನ ಪರಿಣಾಮ ಇಳಿಸಲು ಮೂಗಿಗೆ ಹೊಡೆಯುವ ನ್ಯಾಲಾಕ್ಸೋನ್ ಸ್ಪ್ರೇ 2023ರಿಂದ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತಿದೆ. ಮದ್ಯದ ಬಗ್ಗೆ ಒಂದು ಹಳೆಯ ವಿಷಯ ನೆನಪಾಯಿತು. ಅಫೀಮು ಗುಂಪಿನ ಹೈಡ್ರೊಮಾರ್ಫೋನ್‌ನ ಪ್ಯಾಲಡೋನ್ ಅನ್ನುವ ಕ್ಯಾಪ್ಸೂಲ್ ಬಂದಿತ್ತು, ಇಡೀ ದಿನ ನಿಧಾನವಾಗಿ ಬಿಡುವಂಥದ್ದು. ಮದ್ಯದ ಜೊತೆ ಸೇರಿದರೆ ಅದರ ಕವಚ ಕರಗಿ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತದೆ ಅಂತ ಗೊತ್ತಾಗಿ 2005ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಅದಕ್ಕೇ ನಿಧಾನ ಬಿಡುಗಡೆಯ ಮಾತ್ರೆ ತೆಗೆದುಕೊಳ್ಳುವವರು ಕುಡಿಯಲೇಬಾರದು. ಆ ಮಾತ್ರೆಗಳನ್ನು ಮುರಿದು, ಪುಡಿ ಮಾಡಿ ನುಂಗಲೂಬಾರದು.

ಕರಾವಳಿ ಸಿಸ್ಟರ್
ನ್ಯಾಲಾಕ್ಸೋನ್ ಕೊಟ್ಟು ಎಚ್ಚರ ಆದರೂ ಮನೆಗೆ ಕಳಿಸುವ ಹಾಗಿಲ್ಲ. ಅದರ ಕೆಲಸ ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಅಫೀಮಿನ ಔಷಧಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಮತ್ತೆ ಉಸಿರು ಇಳಿಯಬಹುದು. ಇಲ್ಲಿ ಅದು ಆಸ್ಪತ್ರೆಯ ಇಂಜೆಕ್ಷನ್, ಮನೆಯಲ್ಲಿ ಇಟ್ಟುಕೊಳ್ಳುವ ರೂಢಿ ಇಲ್ಲ.

ನಂದಿನಿ ಬೂತ್ ಎದುರು
ನಾನು ಈ ಎಲ್ಲಾ ಓದಿ ನಡುಗುತ್ತಿದ್ದೇನೆ. ನಮ್ಮ ಅಮ್ಮನಿಗೆ ಕ್ಯಾನ್ಸರ್, ಮಾರ್ಫಿನ್ ಮಾತ್ರೆ ನಡೆಯುತ್ತಿದೆ. ಬಯಲುಸೀಮೆಯವರು ವಿಷ ಅಂದರು. ನಿಲ್ಲಿಸಿಬಿಡಲಾ? ರಾತ್ರಿ ಅಮ್ಮ ನೋವಿಗೆ ಕಿರುಚುವುದನ್ನು ಕೇಳಲು ಆಗುವುದಿಲ್ಲ.

ಕರಾವಳಿ ಸಿಸ್ಟರ್
ನಿಲ್ಲಿಸಬೇಡಿ ತಾಯಿ. ದಯವಿಟ್ಟು ನಿಲ್ಲಿಸಬೇಡಿ.

ಬಯಲುಸೀಮೆಯವರೇ, ನಿಮ್ಮ ಒಂದು ಪದದಿಂದ ಒಬ್ಬ ತಾಯಿ ಇವತ್ತು ರಾತ್ರಿ ನೋವಿನಲ್ಲಿ ಮಲಗಬೇಕಾಗಿತ್ತು. ಮಾರ್ಫಿನ್ ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಕಾಗದಪತ್ರದ ಗೋಜಿಗೆ ಹೆದರಿ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಬಿಟ್ಟಿದ್ದವು. ಉಪಶಮನ ಆರೈಕೆಯ ವೈದ್ಯ, ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಕರುಣಾಶ್ರಯ ಉಪಶಮನ ಕೇಂದ್ರದಲ್ಲಿ ಎಷ್ಟೋ ರೋಗಿಗಳು ಮಾರ್ಫಿನ್‌ನಿಂದ ಕೊನೆಯ ದಿನಗಳಲ್ಲಿ ಮಕ್ಕಳ ಜೊತೆ ಕೂತು ಮಾತಾಡಿದ್ದಾರೆ. ನೋವಿಗೆ ತಕ್ಕ ಡೋಸ್, ಮೆಲ್ಲಗೆ ಏರಿಸಿದ ಡೋಸ್ ಉಸಿರು ನಿಲ್ಲಿಸುವುದಿಲ್ಲ. ಗೊತ್ತಿಲ್ಲದೆ ಬೇರೆಯದರ ಜೊತೆ ಸೇರಿದಾಗ, ಕಿಡ್ನಿ ಸೋತದ್ದು ಯಾರೂ ನೋಡದಿದ್ದಾಗ ತೊಂದರೆ.

ನಂದಿನಿಯವರೇ, ಅಮ್ಮನ ಡಾಕ್ಟರ್‌ಗೆ ಕೆಲವು ವಿಷಯ ಕೇಳಿ. ಕಿಡ್ನಿ ಪರೀಕ್ಷೆ ಹೇಗಿದೆ? ಮಾರ್ಫಿನ್‌ನ ಬದಲಾದ ರೂಪ ಕಿಡ್ನಿಯಿಂದ ಹೋಗಬೇಕು. ಕ್ರಿಯಾಟಿನಿನ್ ಏರಿದರೆ ಡೋಸ್ ಇಳಿಸುತ್ತಾರೆ ಅಥವಾ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್‌ಗೆ ಬದಲಿಸುತ್ತಾರೆ. ಬೇರೆ ಯಾರಾದರೂ ನೋವಿಗೆ ಪೆಂಟಜೋಸಿನ್ ಇಂಜೆಕ್ಷನ್ ಕೊಡಲು ಬಂದರೆ ಮಾರ್ಫಿನ್ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಅದು ಮಾರ್ಫಿನ್‌ನ ಕೆಲಸಕ್ಕೆ ಅಡ್ಡ ಬಂದು ನೋವು ವಾಪಸ್ ಬರಿಸುತ್ತದೆ. ಮಲಬದ್ಧತೆಗೆ ಏನು ಕೊಟ್ಟಿದ್ದಾರೆ?

ನಂದಿನಿ ಬೂತ್ ಎದುರು
ಏನೂ ಕೊಟ್ಟಿಲ್ಲ ಸಿಸ್ಟರ್. ಐದು ದಿನ ಆಯಿತು ಸರಿಯಾಗಿ ಹೋಗಿ.

ಗೌರಿಬಿದನೂರು ಟೀಚರ್
ಇಸಬ್‌ಗೋಲ್ ಕೊಡಿ. ಬಾಳೆಹಣ್ಣು, ಒಣದ್ರಾಕ್ಷಿ ನೆನೆಸಿದ ನೀರು. ನಮ್ಮ ಮನೆಯಲ್ಲಿ ಅದೇ.

ಕರಾವಳಿ ಸಿಸ್ಟರ್
ಟೀಚರ್, ಸಾಮಾನ್ಯ ಮಲಬದ್ಧತೆಗೆ ಸರಿ. ಮಾರ್ಫಿನ್‌ನಿಂದ ಕರುಳು ಚಲಿಸುವುದೇ ನಿಧಾನ ಆಗಿರುತ್ತದೆ. ಅಲ್ಲಿ ಇಸಬ್‌ಗೋಲ್ ಉಬ್ಬಿ ಗಟ್ಟಿಯಾಗಿ ಕೂತುಬಿಡಬಹುದು, ಅದರಲ್ಲೂ ನೀರು ಕಡಿಮೆ ಕುಡಿಯುವ ರೋಗಿಗೆ. ಕರುಳನ್ನು ಚಲಿಸುವಂತೆ ಮಾಡುವ ಬಿಸಾಕೊಡಿಲ್ ಅಥವಾ ಸೋನಾಮುಖಿ, ಜೊತೆಗೆ ಲ್ಯಾಕ್ಟುಲೋಸ್ ಬರೆಯುತ್ತಾರೆ. ಐದು ದಿನ ಆಗಿದೆ ಅಂದರೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ. ಹೊಟ್ಟೆ ಉಬ್ಬಿ ವಾಂತಿ ಇದ್ದರೆ ಇವತ್ತೇ ಹೋಗಿ, ಆಗ ಮಾತ್ರೆ ನೀವಾಗಿ ಕೊಡಬೇಡಿ.

ಅರಿವಳಿಕೆ ವಿಭಾಗ
ಲಿವರ್ ಕೆಟ್ಟವರಲ್ಲಿ ಈ ಮಲಬದ್ಧತೆಯೇ ದೊಡ್ಡ ಅಪಾಯ. ಕರುಳಿನಲ್ಲಿ ಮಲ ನಿಂತರೆ ಅಮೋನಿಯಾ ಏರಿ ರೋಗಿ ಮಂಕಾಗುತ್ತಾರೆ. ಅದು ಔಷಧಿಯ ಮಂಕೋ, ಲಿವರ್‌ನ ಮಂಕೋ ಅಂತ ನಮಗೇ ತಿಳಿಯುವುದು ಕಷ್ಟ. ಕುಡಿದು ಲಿವರ್ ಕೆಟ್ಟವರಿಗೆ ನೋವಿನ ಮಾತ್ರೆ ಬರೆಯುವಾಗ ಅರ್ಧ ಡೋಸ್, ದೂರ ದೂರ ಅಂತರ.

ಸಿಸ್ಟರ್ ಫೆಂಟನಿಲ್ ಪ್ಯಾಚ್ ಅಂದರಲ್ಲ, ಅದರ ಬಗ್ಗೆ ಒಂದು. ಪ್ಯಾಚ್ ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬಾರದು. ಜೋರು ಜ್ವರ ಬಂದರೂ ತಿಳಿಸಬೇಕು. ಬಿಸಿಗೆ ಔಷಧಿ ಚರ್ಮದಿಂದ ಬೇಗ ಒಳಗೆ ಹೋಗುತ್ತದೆ. ಕ್ಲಾರಿತ್ರೊಮೈಸಿನ್ ಆಗಲಿ ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಆಗಲಿ ಸೇರಿದರೆ ಫೆಂಟನಿಲ್ ಮೈಯಲ್ಲಿ ಏರುತ್ತದೆ.

ಬಯಲುಸೀಮೆ
ನಾನು ಕ್ಯಾನ್ಸರ್‌ನವರ ಬಗ್ಗೆ ಹೇಳಿದ್ದಲ್ಲ. ಮಂಡಿ ನೋವು, ಸೊಂಟ ನೋವಿಗೆಲ್ಲಾ ಇದನ್ನು ಹಂಚುತ್ತಾರಲ್ಲ, ಅದಕ್ಕೆ ನನ್ನ ವಿರೋಧ. ಅದು ಈಗಲೂ ಇದೆ.

ಕರಾವಳಿ ಸಿಸ್ಟರ್
ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಆಪರೇಷನ್ ಆದ ಮೊದಲ ಕೆಲವು ದಿನ ಬೇಕು. ತಿಂಗಳುಗಟ್ಟಲೆ ಅದೇ ಚೀಟಿ ತೋರಿಸಿ ತರುವುದು ಬೇಡ.

ತರೀಕೆರೆ ಹುಡುಗ
ಶಿವಮೊಗ್ಗದಿಂದ ಬಂದೆವು. ಎರಡು ದಿನ ಅಡ್ಮಿಟ್ ಮಾಡಿಕೊಂಡಿದ್ದರು, ಅದಕ್ಕೇ ಬರೆಯಲಿಲ್ಲ.

ಇಲ್ಲಿ ಅರಿವಳಿಕೆ ಡಾಕ್ಟರ್ ಹೇಳಿದ ಹಾಗೇ ಆಗಿತ್ತು. ಕ್ರಿಯಾಟಿನಿನ್ 1.9, ಅಂದರೆ ಕಿಡ್ನಿ ಸೋತಿತ್ತು. ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ ಊದಿದೆ, ಮೂತ್ರಕೋಶ ತುಂಬಿಕೊಂಡಿತ್ತು. ಕ್ಯಾಥೆಟರ್ ಹಾಕಿದರು. ಪಾರ್ಶ್ವವಾಯು ಇಲ್ಲ. ಟ್ರಮಡಾಲ್ ತೆಗೆದು ಬರೀ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಒಳಗೆ. ಕಿಡ್ನಿ ಹೀಗಿರುವಾಗ ಡೈಕ್ಲೋಫಿನಾಕ್ ಥರದ ಮಾತ್ರೆಯೂ ಬೇಡ ಅಂದರು. ಐಸ್ ಮತ್ತು ಫಿಸಿಯೋಥೆರಪಿ ಜಾಸ್ತಿ. ಪ್ರಿಗ್ಯಾಬಲಿನ್ ಅರ್ಧಕ್ಕಿಂತ ಕಡಿಮೆ. ಆಲ್‌ಪ್ರಜೋಲಾಮ್ ಒಮ್ಮೆಲೇ ಬಿಡಿಸಲಿಲ್ಲ, ವಾರ ವಾರ ಇಳಿಸಲು ಬರೆದುಕೊಟ್ಟರು. ಕುಡಿತ ಬಿಡಿಸಲು ಬಿ1 ಇಂಜೆಕ್ಷನ್, ಆಸ್ಪತ್ರೆಯಲ್ಲೇ ನೋಡಿಕೊಂಡರು. ಅಪ್ಪನ ಮಾತು ಈಗ ಸ್ಪಷ್ಟ. ನಿನ್ನೆ ಅಡಿಕೆ ರೇಟ್ ಎಷ್ಟು ಅಂತ ಅವರೇ ಕೇಳಿದರು.

ಮೂರು ಚೀಟಿಯನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದೇನೆ. ಅದರ ಫೋಟೋ ಮನೆಯವರೆಲ್ಲರ ಮೊಬೈಲ್‌ನಲ್ಲಿದೆ.

ಅಡಿಕೆ ತೋಟ
ಒಳ್ಳೇ ಸುದ್ದಿ. ಅಡಿಕೆ ರೇಟ್ ಕೇಳಿದರು ಅಂದರೆ ಸರಿಹೋದರು ಅಂತಲೇ ಲೆಕ್ಕ. ನಿಮ್ಮ ಕಡೆ ಕೊಯ್ಲು ಮುಗೀತಾ?

ತರೀಕೆರೆ ಹುಡುಗ
ಅರ್ಧ ಆಗಿದೆ, ಕೆಲಸದವರು ಸಿಗುತ್ತಿಲ್ಲ. ಸರಿ, ಇನ್ನೊಂದು ಪ್ರಶ್ನೆ. ಮನೆಯಲ್ಲಿ ಒಂದೂವರೆ ಪಟ್ಟಿ ಟ್ರಮಡಾಲ್ ಉಳಿದಿದೆ. ನಮ್ಮ ಅತ್ತಿಗೆಗೆ ಬಾಣಂತನ ಆದಾಗಿನಿಂದ ಸೊಂಟ ನೋವು. ಮಗುವಿಗೆ ನಾಲ್ಕು ತಿಂಗಳು. "ಬಿಸಾಕುವ ಬದಲು ನನಗೇ ಕೊಡಿ" ಅನ್ನುತ್ತಿದ್ದಾರೆ. ಕೊಡಬಹುದಾ?

ಅರಿವಳಿಕೆ ವಿಭಾಗ
ಬೇಡ. ಎದೆಹಾಲು ಕುಡಿಸುವ ತಾಯಂದಿರಿಗೆ ಕೋಡೀನ್, ಟ್ರಮಡಾಲ್ ಎರಡೂ ಬೇಡ ಅಂತ ಎಫ್‌ಡಿಎ 2017ರಲ್ಲೇ ಹೇಳಿದೆ. ಕೆಲವು ತಾಯಂದಿರ ಲಿವರ್ ಈ ಔಷಧಿಯನ್ನು ಬಹಳ ವೇಗವಾಗಿ ಬದಲಿಸುತ್ತದೆ. ಹಾಲಿನ ಮೂಲಕ ಮಗುವಿಗೆ ಹೋದರೆ ಮಗು ಮಂಕಾಗಿ ಹಾಲು ಕುಡಿಯುವುದೇ ಬಿಡಬಹುದು, ಉಸಿರು ಇಳಿಯಬಹುದು. ಯಾವ ತಾಯಿ ಅಂಥವರು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅದೇ ವರ್ಷ 12 ವರ್ಷದ ಒಳಗಿನ ಮಕ್ಕಳಿಗೂ ಇವೆರಡನ್ನೂ ಕೊಡಬಾರದು ಅಂತ ಆಯಿತು.

ಹಾಸನದ ಮೆಡಿಕಲ್ ಅಂಗಡಿ
ಉಳಿದ ಪಟ್ಟಿಯನ್ನು ಮನೆಯ ಡಬ್ಬಿಯಲ್ಲಿ ಇಡಬೇಡಿ. ಮಾತ್ರೆ ಬಿಡಿಸಿ, ಮಣ್ಣು ಅಥವಾ ಕಾಫಿ ಚರಟದಲ್ಲಿ ಕಲಸಿ, ಕವರ್ ಕಟ್ಟಿ ಕಸಕ್ಕೆ ಹಾಕಿ. ಪಟ್ಟಿ ಹಾಗೇ ಎಸೆದರೆ ಯಾರಾದರೂ ಎತ್ತಿಕೊಳ್ಳುತ್ತಾರೆ.

ತರೀಕೆರೆ ಹುಡುಗ
ಸರಿ. ಅತ್ತಿಗೆಯನ್ನು ಸೋಮವಾರ ಅವರ ಹೆರಿಗೆ ಡಾಕ್ಟರ್ ಹತ್ತಿರವೇ ಕಳಿಸುತ್ತೇನೆ.